ಕೀ ಸೋರಿದ ಮೇಲೆ ಕಮಿಟ್ ಅಳಿಸಿದರೆ ಪ್ರಯೋಜನವಿಲ್ಲ

ಪ್ರಶ್ನೆ: ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಆ್ಯಕ್ಸೆಸ್ ಕೀ ಇದ್ದ ಡಾಟ್ ಇಎನ್‌ವಿ ಫೈಲು (ಆ್ಯಪ್‌ನ ರಹಸ್ಯ ಸೆಟ್ಟಿಂಗ್‌ಗಳ ಫೈಲು) ಕೈತಪ್ಪಿ ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಪುಶ್ ಆಗಿಬಿಟ್ಟಿತ್ತು. ಹತ್ತೇ ನಿಮಿಷದಲ್ಲಿ ಗಮನಿಸಿ, ಆ ಕಮಿಟ್ (ಬದಲಾವಣೆಯ ದಾಖಲೆ) ತೆಗೆದು ಫೋರ್ಸ್ ಪುಶ್ ಮಾಡಿದೆ, ಅಂದರೆ ಹಳೆಯ ಇತಿಹಾಸದ ಮೇಲೆ ಹೊಸದನ್ನು ಬಲವಂತವಾಗಿ ಹಾಕಿದೆ. ರೆಪೊವನ್ನೂ (ಕೋಡ್ ಇರುವ ಜಾಗ) ಪ್ರೈವೇಟ್ ಮಾಡಿದೆ. ಇನ್ನು ಭಯವಿಲ್ಲ ಅಲ್ಲವೇ?

ಉತ್ತರ: ಭಯ ಇದೆ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವವರೆಲ್ಲ ಗಿಟ್‌ನಲ್ಲಿ ಏನೇನು ಮಾಡಿದೆವು ಎಂದು ವಿವರವಾಗಿ ಬರೆಯುತ್ತಾರೆ, ಕೀ ರದ್ದು ಮಾಡಿದೆವು ಎಂದು ಒಬ್ಬರೂ ಬರೆಯುವುದಿಲ್ಲ. ನೀವೂ ಬರೆದಿಲ್ಲ. ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಐಎಎಂ (ಎಡಬ್ಲ್ಯುಎಸ್‌ನಲ್ಲಿ ಬಳಕೆದಾರರನ್ನೂ ಅನುಮತಿಗಳನ್ನೂ ನೋಡಿಕೊಳ್ಳುವ ಭಾಗ) ಕನ್ಸೋಲ್‌ಗೆ ಹೋಗಿ ಆ ಕೀಯನ್ನು ಇನ್‌ಆ್ಯಕ್ಟಿವ್ ಮಾಡಿ ಬನ್ನಿ. ಉಳಿದದ್ದೆಲ್ಲ ಆಮೇಲೆ.

ನೀವು ಮಾಡಿದ್ದು ಯಾಕೆ ಸಾಲದು ಎಂದರೆ, ಫೋರ್ಸ್ ಪುಶ್ ಮಾಡಿದಾಗ ಬ್ರಾಂಚ್‌ನ ತುದಿ ಬೇರೆ ಕಮಿಟ್‌ಗೆ ತಿರುಗುತ್ತದೆ, ಅಷ್ಟೇ. ಹಳೆಯ ಕಮಿಟ್ ಗಿಟ್‌ಹಬ್‌ನ ಸರ್ವರ್‌ನಲ್ಲಿ ಹಾಗೆಯೇ ಕುಳಿತಿರುತ್ತದೆ. ಅದರ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಗೊತ್ತಿದ್ದವರು ವಿಳಾಸಕ್ಕೆ ಹ್ಯಾಶ್ ಸೇರಿಸಿ ತೆರೆದು ಓದಬಹುದು. ಹ್ಯಾಶ್ ಯಾರಿಗೆ ಗೊತ್ತಾಗುತ್ತದೆ ಎನ್ನಬೇಡಿ. ಪಬ್ಲಿಕ್ ರೆಪೊಗೆ ಆಗುವ ಪ್ರತಿ ಪುಶ್‌ನ ಸುದ್ದಿಯನ್ನೂ ಗಿಟ್‌ಹಬ್ ತನ್ನ ಈವೆಂಟ್ಸ್ ಎಪಿಐಯಲ್ಲಿ ಹ್ಯಾಶ್ ಸಮೇತ ಹೊರಡಿಸುತ್ತದೆ. ಜಿಎಚ್ ಆರ್ಕೈವ್ ಎಂಬ ಸಂಗ್ರಹ ಅದನ್ನು 2011ರಿಂದ ಗಂಟೆಗೊಂದು ಫೈಲಿನಂತೆ ಕೂಡಿಡುತ್ತಿದೆ. ಅದರಲ್ಲಿ ಫೋರ್ಸ್ ಪುಶ್ ಆದ ಜಾಗಗಳನ್ನೇ ಆರಿಸಿ, ಒರೆಸಿಹಾಕಿದ ಕಮಿಟ್‌ಗಳಲ್ಲಿ ಕೀ ಹುಡುಕುವವರಿದ್ದಾರೆ. ಇಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದು ನಿಮ್ಮ ಫೋರ್ಸ್ ಪುಶ್ಶೇ ಅವರಿಗೆ ತೋರಿಸಿಕೊಡುತ್ತದೆ. ಇನ್ನು ಹೊಸ ಪುಶ್‌ಗಳನ್ನು ಕಾಯುತ್ತ ಕೂತ ಬಾಟ್‌ಗಳಿಗೆ ಹತ್ತು ನಿಮಿಷ ಬೇಕಾದಷ್ಟಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ರೆಪೊವನ್ನು ಪ್ರೈವೇಟ್ ಮಾಡಿದ್ದೀರಿ.

ಪ್ರೈವೇಟ್ ರೆಪೊ ಅಂದರೆ ಭದ್ರ ಎಂಬ ನಂಬಿಕೆಯನ್ನೂ ಬಿಡಿ. 2016ರಲ್ಲಿ ಊಬರ್‌ನ 5.7 ಕೋಟಿ ಜನರ ಮಾಹಿತಿ ಹೋದದ್ದು ಪ್ರೈವೇಟ್ ರೆಪೊದಲ್ಲಿ ಸಿಕ್ಕಿದ ಎಡಬ್ಲ್ಯುಎಸ್ ಕೀಯಿಂದ. ಬೇರೆಡೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಎಂಜಿನಿಯರುಗಳ ಗಿಟ್‌ಹಬ್ ಖಾತೆಗಳಿಗೆ ಹಾಕಿ ನೋಡಿ ಕಳ್ಳರು ಒಳಹೊಕ್ಕಿದ್ದರು. ಟೊಯೊಟಾದ ಟಿ-ಕನೆಕ್ಟ್ ಸೇವೆಯ ಕೀ 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಪಬ್ಲಿಕ್ ರೆಪೊದಲ್ಲಿ ಬಿದ್ದಿತ್ತು. 2,96,019 ಗ್ರಾಹಕರ ಇಮೇಲ್ ವಿಳಾಸಗಳು ಅಪಾಯಕ್ಕೆ ಸಿಕ್ಕವು. ಹತ್ತಿರ ಹತ್ತಿರ ಐದು ವರ್ಷ ಒಬ್ಬರೂ ಆ ಕೀ ಬದಲಿಸಲಿಲ್ಲ.

ಕೀ ನಿಲ್ಲಿಸಿದರೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ಸೈಟು) ನಿಂತುಹೋಗುತ್ತದೆ ಎಂಬ ಅಳಲು ಇದ್ದೇ ಇರುತ್ತದೆ. ಒಬ್ಬ ಐಎಎಂ ಬಳಕೆದಾರನಿಗೆ ಏಕಕಾಲಕ್ಕೆ ಎರಡು ಕೀ ಇರಲು ಎಡಬ್ಲ್ಯುಎಸ್ ಬಿಡುತ್ತದೆ. ಹೊಸದನ್ನು ಮಾಡಿ, ಡಿಪ್ಲಾಯ್ ಮಾಡಿ, ಹಳೆಯದನ್ನು ನಿಲ್ಲಿಸುವುದು ಸಮಾಧಾನದ ದಿನಗಳ ಕ್ರಮ. ಪಬ್ಲಿಕ್ ಆಗಿ ಸೋರಿದ ಕೀಗೆ ಅದು ಸಲ್ಲದು. ಮೊದಲು ಹಳೆಯದನ್ನು ನಿಲ್ಲಿಸಿ. ಸೈಟು ಇಪ್ಪತ್ತು ನಿಮಿಷ ಬಿದ್ದಿದ್ದರೆ ಗ್ರಾಹಕರು ಕ್ಷಮಿಸುತ್ತಾರೆ, ಅವರ ಡೇಟಾ ಹೋದರೆ ಕ್ಷಮಿಸುವುದಿಲ್ಲ. ಆದರೆ ಆತುರಕ್ಕೆ ಬಿದ್ದು ಡಿಲೀಟ್ ಮಾಡಬೇಡಿ. ಇನ್‌ಆ್ಯಕ್ಟಿವ್ ಸ್ಥಿತಿಯಲ್ಲಿಟ್ಟರೆ ಅದು ಕೊನೆಯ ಬಾರಿ ಯಾವ ಸೇವೆಗೆ, ಯಾವ ರೀಜನ್‌ನಲ್ಲಿ (ಎಡಬ್ಲ್ಯುಎಸ್‌ನ ಸರ್ವರ್‌ಗಳಿರುವ ಪ್ರದೇಶ) ಬಳಕೆಯಾಯಿತು ಎಂಬುದು ಕನ್ಸೋಲ್‌ನಲ್ಲಿ ಕಾಣುತ್ತಿರುತ್ತದೆ. ತನಿಖೆ ಮುಗಿದ ಮೇಲೆ ಅಳಿಸಿ. ಸೋರಿದ್ದು ಎಲ್ಲ ಅಧಿಕಾರವಿರುವ ರೂಟ್ ಖಾತೆಯ ಕೀ ಆಗಿದ್ದರೆ ಅಂಥದ್ದೊಂದು ಕೀ ಇರಲೇಬಾರದಿತ್ತು. ಅದನ್ನು ರದ್ದು ಮಾಡಿ, ಮತ್ತೆ ಮಾಡಬೇಡಿ.

ಹೆಚ್ಚಿನವರು ಇಲ್ಲಿಗೆ ಕೈತೊಳೆದುಕೊಳ್ಳುತ್ತಾರೆ. ಕಳ್ಳ ಆ ಕೀ ಬಳಸಿ ತಾತ್ಕಾಲಿಕ ಸೆಷನ್ ಟೋಕನ್ ಪಡೆದಿದ್ದರೆ, ಕೀ ನಿಲ್ಲಿಸಿದರೂ ಅದು ಸಾಯುವುದಿಲ್ಲ, ಅದರ ಅವಧಿ 36 ಗಂಟೆಯವರೆಗೂ ಇರಬಹುದು. ಆದ್ದರಿಂದ ಆ ಐಎಎಂ ಬಳಕೆದಾರನಿಗೆ ಎಲ್ಲ ಕ್ರಿಯೆಗಳನ್ನೂ ನಿರಾಕರಿಸುವ ಒಂದು ಡಿನೈ ಪಾಲಿಸಿ ಅಂಟಿಸಿ. ಆತ ಧರಿಸಬಹುದಾದ ರೋಲ್‌ಗಳಿದ್ದರೆ (ತಾತ್ಕಾಲಿಕವಾಗಿ ಪಡೆಯುವ ಅನುಮತಿಗಳ ಕಟ್ಟು) ಪ್ರತಿ ರೋಲ್‌ನ ಪುಟದಲ್ಲಿ ರಿವೋಕ್ ಸೆಷನ್ಸ್ ಒತ್ತಿ. ಸರ್ವರ್‌ಗಳು ಅದೇ ರೋಲ್ ಬಳಸುತ್ತಿದ್ದರೆ ಅವೂ ಒಮ್ಮೆ ಹೊಸ ಟೋಕನ್ ಪಡೆಯಬೇಕಾಗುತ್ತದೆ, ಸಿದ್ಧರಾಗಿರಿ.

ಆಮೇಲೆ ಕ್ಲೌಡ್‌ಟ್ರೇಲ್, ಅಂದರೆ ಖಾತೆಯಲ್ಲಿ ಯಾರು ಏನು ಮಾಡಿದರು ಎಂಬುದರ ಎಡಬ್ಲ್ಯುಎಸ್ ದಾಖಲೆ. ಈವೆಂಟ್ ಹಿಸ್ಟರಿಯಲ್ಲಿ ಹಿಂದಿನ 90 ದಿನಗಳದ್ದು ತಾನಾಗಿ ಇರುತ್ತದೆ. ಎಕೆಐಎ ಎಂದು ಶುರುವಾಗುವ 20 ಅಕ್ಷರದ ನಿಮ್ಮ ಕೀ ಐಡಿ ಹಾಕಿ ಹುಡುಕಿ. ಅಷ್ಟಕ್ಕೇ ನಿಲ್ಲಬೇಡಿ, ಬಳಕೆದಾರನ ಹೆಸರು ಹಾಕಿಯೂ ಹುಡುಕಿ. ತಾತ್ಕಾಲಿಕ ಟೋಕನ್‌ಗಳ ಐಡಿ ಎಎಸ್‌ಐಎ ಎಂದು ಶುರುವಾಗುವುದರಿಂದ ಮೊದಲ ಹುಡುಕಾಟದಲ್ಲಿ ಅವು ಸಿಗುವುದಿಲ್ಲ. ನಮ್ಮವರು ಮಾಡುವ ಇನ್ನೊಂದು ತಪ್ಪು, ಮುಂಬೈ ರೀಜನ್ ಒಂದನ್ನೇ ನೋಡುವುದು. ಐಎಎಂಗೆ ಸಂಬಂಧಿಸಿದ ಘಟನೆಗಳು ದಾಖಲಾಗುವುದು ಉತ್ತರ ವರ್ಜೀನಿಯಾ ರೀಜನ್‌ನಲ್ಲಿ. ನೀವು ಎಂದೂ ಕಾಲಿಡದ ರೀಜನ್‌ನಲ್ಲಿ ದುಬಾರಿ ಜಿಪಿಯು ಮೆಷಿನ್‌ಗಳನ್ನು ಎಬ್ಬಿಸುವುದೇ ಕಳ್ಳರ ಪದ್ಧತಿ. ಪ್ರತಿ ರೀಜನ್ ತೆರೆದು ನೋಡಿ.

ಗೆಟ್‌ಕಾಲರ್‌ಐಡೆಂಟಿಟಿ ಎಂಬ ಕರೆ ಅಪರಿಚಿತ ಐಪಿಯಿಂದ ಬಂದಿದ್ದರೆ ಯಾರೋ ಕೀ ಪರೀಕ್ಷಿಸಿದ್ದಾರೆ ಎಂದರ್ಥ. ಕ್ರಿಯೇಟ್‌ಯೂಸರ್, ಕ್ರಿಯೇಟ್‌ಆ್ಯಕ್ಸೆಸ್‌ಕೀ, ಕ್ರಿಯೇಟ್‌ಲಾಗಿನ್‌ಪ್ರೊಫೈಲ್ ಕಂಡರೆ ಹಿಂಬಾಗಿಲು ಮಾಡಿಕೊಂಡಿದ್ದಾರೆ, ನೀವು ಮೊದಲ ಕೀ ಕೊಂದರೂ ಅವರು ಒಳಗೇ ಇದ್ದಾರೆ. ಹೊಸ ಬಳಕೆದಾರರು, ರೋಲ್‌ಗಳ ಟ್ರಸ್ಟ್ ಪಾಲಿಸಿ, ಗೊತ್ತಿಲ್ಲದ ಲ್ಯಾಂಬ್ಡಾ ಫಂಕ್ಷನ್‌ಗಳನ್ನು ಒಂದೊಂದಾಗಿ ನೋಡಿ. ಮೆಷಿನ್ ಎಬ್ಬಿಸುವ ರನ್‌ಇನ್‌ಸ್ಟನ್ಸಸ್ ಕರೆ ಇದ್ದರೆ ಕ್ರಿಪ್ಟೊ ಗಣಿಗಾರಿಕೆ ನಡೆಯುತ್ತಿರಬಹುದು. ಎಡಬ್ಲ್ಯುಎಸ್‌ನ ಎಐ ಸೇವೆ ಬೆಡ್‌ರಾಕ್‌ನ ಇನ್ವೋಕ್‌ಮಾಡೆಲ್ ಇದ್ದರೆ ನಿಮ್ಮ ಖರ್ಚಿನಲ್ಲಿ ಯಾರೋ ಎಐ ಮಾಡೆಲ್ ಓಡಿಸುತ್ತಿದ್ದಾರೆ. ಮೆಷಿನ್ ಕೊಂದರೂ ಮತ್ತೆ ಹುಟ್ಟುತ್ತಿದ್ದರೆ ಹಿಂದೆ ಆಟೋ ಸ್ಕೇಲಿಂಗ್ ಗ್ರೂಪ್ ಇದೆ, ಅದನ್ನು ಮೊದಲು ಅಳಿಸಿ. ಟರ್ಮಿನೇಟ್ ಆಗಲು ಒಪ್ಪದಿದ್ದರೆ ಟರ್ಮಿನೇಷನ್ ಪ್ರೊಟೆಕ್ಷನ್ ಹಾಕಿದ್ದಾರೆ, ಅದನ್ನು ತೆಗೆಯಿರಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ ಎಸ್‌3ನಿಂದ ಫೈಲ್ ಓದಿದ್ದು ಈವೆಂಟ್ ಹಿಸ್ಟರಿಯಲ್ಲಿ ಬರುವುದೇ ಇಲ್ಲ. ಅದು ಡೇಟಾ ಈವೆಂಟ್, ಮೊದಲೇ ಪ್ರತ್ಯೇಕ ಟ್ರೇಲ್ ಹಾಕಿದ್ದರೆ ಮಾತ್ರ ದಾಖಲಾಗುತ್ತದೆ. "ಲಾಗ್‌ನಲ್ಲಿ ಏನೂ ಕಾಣಲಿಲ್ಲ, ಡೇಟಾ ಸುರಕ್ಷಿತ" ಎಂದು ಗ್ರಾಹಕರಿಗೆ ಬರೆದುಕೊಡುವ ಮುನ್ನ ಆ ಟ್ರೇಲ್ ಇತ್ತೇ ಎಂದು ನೋಡಿ. ಇಲ್ಲದಿದ್ದರೆ, ಆ ಕೀಗೆ ಓದುವ ಅನುಮತಿ ಇದ್ದ ಬಕೆಟ್ಟೆಲ್ಲ (ಎಸ್‌3ನಲ್ಲಿ ಫೈಲು ಇಡುವ ಜಾಗ) ಹೋಯಿತು ಎಂದೇ ಲೆಕ್ಕ ಹಿಡಿಯಿರಿ.

ಎಡಬ್ಲ್ಯುಎಸ್ ತಾನೇ ಸೋರಿಕೆ ಪತ್ತೆಹಚ್ಚಿ ಕಾಂಪ್ರಮೈಸ್ಡ್ ಕೀ ಕ್ವಾರಂಟೈನ್ ಎಂಬ ಪಾಲಿಸಿ ಅಂಟಿಸುವುದುಂಟು. ಅದು ಕೆಲವು ಕ್ರಿಯೆಗಳನ್ನಷ್ಟೇ ತಡೆಯುತ್ತದೆ, ಕೀಯನ್ನು ಕೊಲ್ಲುವುದಿಲ್ಲ. ಅದನ್ನು ಕಂಡು ನಿಶ್ಚಿಂತರಾಗುವುದೂ ತಪ್ಪು, ಆ್ಯಪ್ ಕೆಲಸ ಮಾಡುತ್ತಿಲ್ಲ ಎಂದು ಕಿತ್ತುಹಾಕುವುದು ಇನ್ನೂ ದೊಡ್ಡ ತಪ್ಪು. ಬಜೆಟ್ ಅಲರ್ಟ್ ಇದೆ ಎಂಬ ಧೈರ್ಯವೂ ಬೇಡ. ಅಲರ್ಟ್ ಇಮೇಲ್ ಕಳಿಸುತ್ತದೆ, ಅದೂ ಗಂಟೆಗಟ್ಟಲೆ ತಡವಾಗಿ. ತಾನಾಗಿ ಖರ್ಚು ನಿಲ್ಲಿಸುವುದಿಲ್ಲ. ಬಿಲ್ ಏರಿದ್ದರೆ ಅದೇ ದಿನ ಎಡಬ್ಲ್ಯುಎಸ್ ಸಪೋರ್ಟ್‌ನಲ್ಲಿ ಕೇಸ್ ತೆರೆಯಿರಿ, ಯಾವ ಹೊತ್ತಿಗೆ ಏನು ಮಾಡಿದಿರಿ ಎಂಬ ಪಟ್ಟಿ ಸಮೇತ. ಈ ಸಂಕಟ ನೋಡಿ ಟೆಲಿಗ್ರಾಂನಲ್ಲಿ "ಸೋರಿದ ಕೀ ಸರಿಪಡಿಸುತ್ತೇವೆ, ರೂಟ್ ಲಾಗಿನ್ ಕೊಡಿ" ಎನ್ನುವವರು ಬಂದರೆ ಬ್ಲಾಕ್ ಮಾಡಿ. ಮೊದಲ ಕಳ್ಳನಿಗೆ ಒಂದು ಕೀ ಸಿಕ್ಕಿತ್ತು, ಇವರು ಇಡೀ ಖಾತೆಯನ್ನೇ ಕೇಳುತ್ತಿದ್ದಾರೆ.

ನಿಮ್ಮದು ನೋಂದಾಯಿತ ಕಂಪನಿಯಾಗಿದ್ದರೆ ಇನ್ನೊಂದು ಕರ್ತವ್ಯವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಅನಧಿಕೃತ ಪ್ರವೇಶ, ಡೇಟಾ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಕ್ಲೌಡ್‌ಟ್ರೇಲ್‌ನಲ್ಲಿ ತಾನಾಗಿ ಸಿಗುವುದು 90 ದಿನದ್ದು. ಬೆಂಗಳೂರಿನ ಪುಟ್ಟ ಸ್ಟಾರ್ಟಪ್‌ಗಳು "ನಾವು ಹತ್ತೇ ಜನ" ಎಂದು ಇದನ್ನು ಬಿಡುತ್ತವೆ. ಹತ್ತು ಜನರ ಕಂಪನಿಯ ಬಳಿಯೂ ಲಕ್ಷ ಜನರ ಫೋನ್ ನಂಬರ್ ಇರುತ್ತದೆ.

ಇಷ್ಟಾದ ಮೇಲೆ ಗಿಟ್ ಇತಿಹಾಸ. ನಿಜ ಹೇಳಬೇಕೆಂದರೆ, ಕೀ ರದ್ದಾದ ಮೇಲೆ ಅದನ್ನು ಇತಿಹಾಸದಿಂದ ತೆಗೆಯುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಸತ್ತ ಕೀ ಬರೀ ಅಕ್ಷರಗಳ ಸಾಲು. ಗ್ರಾಹಕರ ಡೇಟಾ ಇದ್ದ ಫೈಲು ಹೋಗಿದ್ದರೆ ಮಾತು ಬೇರೆ. ಆಗ ಹೊಸದಾಗಿ ಕ್ಲೋನ್ (ರೆಪೊದ ಪೂರ್ತಿ ಪ್ರತಿ) ಮಾಡಿ, ಇತಿಹಾಸದಿಂದ ಫೈಲು ತೆಗೆಯುವ ಗಿಟ್ ಫಿಲ್ಟರ್-ರೆಪೊ ಓಡಿಸಿ. ಹಳೆಯ ಫಿಲ್ಟರ್-ಬ್ರಾಂಚ್ ಬಳಸಬೇಡಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ತಂಡದವರೆಲ್ಲ ಹಳೆಯ ಕ್ಲೋನ್ ಅಳಿಸಿ ಮತ್ತೆ ಕ್ಲೋನ್ ಮಾಡಬೇಕು. ಒಬ್ಬರು ಹಳೆಯದರಲ್ಲೇ ಪುಲ್ ಮಾಡಿ ಮರ್ಜ್ ಮಾಡಿ ಪುಶ್ ಮಾಡಿದರೂ ಹಳೆಯ ಇತಿಹಾಸ ವಾಪಸು ಬರುತ್ತದೆ. ಪುಲ್ ರಿಕ್ವೆಸ್ಟ್‌ಗಳಲ್ಲಿ ಉಳಿದ ಪ್ರತಿಗಳನ್ನು ತೆಗೆಸಲು ಗಿಟ್‌ಹಬ್ ಸಪೋರ್ಟ್‌ಗೆ ಬರೆಯಬೇಕು. ಕೀ ಬದಲಿಸಿದರೆ ಸಾಕಾಗುವಂಥ ಪ್ರಕರಣವಾದರೆ ಅವರು ಕೈಹಾಕುವುದಿಲ್ಲ. ಬೇರೆಯವರ ಫೋರ್ಕ್, ಬೇರೆಯವರ ಕ್ಲೋನ್‌ಗಳ ಮೇಲೆ ನಿಮಗೆ ಅಧಿಕಾರವೇ ಇಲ್ಲ.

ಮುಂದಕ್ಕೆ: ಈಗಾಗಲೇ ಟ್ರ್ಯಾಕ್ ಆಗಿರುವ ಫೈಲಿಗೆ ಗಿಟ್‌ಇಗ್ನೋರ್ (ಗಿಟ್ ಕೈಬಿಡಬೇಕಾದ ಫೈಲುಗಳ ಪಟ್ಟಿ) ಲಾಗೂ ಆಗುವುದಿಲ್ಲ, ಮೊದಲು ಇಂಡೆಕ್ಸ್‌ನಿಂದ ತೆಗೆಯಬೇಕು. ಕೀ ಹುಡುಕುವ ಗಿಟ್‌ಲೀಕ್ಸ್ ಅನ್ನು ಕಮಿಟ್‌ಗೆ ಮುನ್ನ ಓಡುವ ಪ್ರಿ-ಕಮಿಟ್ ಹುಕ್ ಆಗಿ ಹಾಕಿ. ಪಬ್ಲಿಕ್ ರೆಪೊಗಳಿಗೆ, ಕೀ ಇರುವ ಪುಶ್ ತಡೆಯುವ ಗಿಟ್‌ಹಬ್‌ನ ಪುಶ್ ಪ್ರೊಟೆಕ್ಷನ್ 2024ರಿಂದ ತಾನಾಗಿ ಆನ್ ಇರುತ್ತದೆ. ಅದು ತಡೆದಾಗ "ಟೆಸ್ಟ್ ಕೀ" ಎಂದು ಸುಳ್ಳು ಕಾರಣ ಒತ್ತಿ ದಾಟಿಸುವವರ ಮೇಲೆ ನನಗೆ ಕನಿಕರವಿಲ್ಲ. ಇದಕ್ಕಿಂತ ಒಳ್ಳೆಯದು ದೀರ್ಘಾವಧಿ ಕೀಯನ್ನೇ ಇಟ್ಟುಕೊಳ್ಳದಿರುವುದು. ಎಡಬ್ಲ್ಯುಎಸ್‌ನ ಇಸಿ2 ಸರ್ವರ್‌ಗಳಿಗೆ, ಲ್ಯಾಂಬ್ಡಾಗಳಿಗೆ ಐಎಎಂ ರೋಲ್ ಕೊಡಿ. ಡೆವಲಪರುಗಳ ಲ್ಯಾಪ್‌ಟಾಪ್‌ಗೆ ಐಡೆಂಟಿಟಿ ಸೆಂಟರ್‌ನಿಂದ ತಾತ್ಕಾಲಿಕ ಲಾಗಿನ್ ಕೊಡಿ. ಗಿಟ್‌ಹಬ್ ಆ್ಯಕ್ಷನ್ಸ್‌ಗೆ ಒಐಡಿಸಿ (ಕೀ ಇಡದೆ ತಾತ್ಕಾಲಿಕ ಪ್ರವೇಶ ಕೊಡುವ ವಿಧಾನ) ಹಾಕಿ, ಟ್ರಸ್ಟ್ ಪಾಲಿಸಿಯಲ್ಲಿ ನಿಮ್ಮ ರೆಪೊ ಮತ್ತು ಬ್ರಾಂಚ್‌ನ ಹೆಸರನ್ನು ನಿಖರವಾಗಿ ಬರೆಯಿರಿ. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ಸಡಿಲ ಬಿಟ್ಟರೆ ಊರವರಿಗೆಲ್ಲ ಬಾಗಿಲು ತೆರೆದಂತೆ.

ಪ್ರಶ್ನೆ: ರಿಯಾಕ್ಟ್ ಆ್ಯಪ್‌ನಲ್ಲಿ ಕೀಗಳನ್ನೆಲ್ಲ ಡಾಟ್ ಇಎನ್‌ವಿಯಲ್ಲೇ ಇಟ್ಟಿದ್ದೇನೆ. ಬಳಕೆದಾರರಿಗೆ ಕಾಣುವುದಿಲ್ಲ ಅಲ್ಲವೇ?

ಉತ್ತರ: ಕಾಣುತ್ತದೆ. ರಿಯಾಕ್ಟ್ ಆ್ಯಪ್ ಕಟ್ಟುವ ಸಾಧನಗಳಾದ ವೀಟ್, ನೆಕ್ಸ್ಟ್ ಎರಡರಲ್ಲೂ ಹೀಗೇ: ವೀಟ್ ಎಂಬ ಪೂರ್ವಪದವಿರುವ ವೇರಿಯಬಲ್‌ಗಳಾಗಲಿ, ನೆಕ್ಸ್ಟ್‌ನ ಪಬ್ಲಿಕ್ ಪೂರ್ವಪದದವಾಗಲಿ, ಬಿಲ್ಡ್ ಹೊತ್ತಿಗೆ ಜಾವಾಸ್ಕ್ರಿಪ್ಟ್ ಬಂಡಲ್ ಒಳಗೆ ಅಕ್ಷರಶಃ ಅಚ್ಚಾಗುತ್ತವೆ. ಬ್ರೌಸರ್‌ನಲ್ಲಿ ಸೋರ್ಸ್ ತೆರೆದವರೆಲ್ಲ ಓದಬಹುದು. ಹೀಗೆ ಮಾಡಿ ಎಂದು ಕಲಿಸುವ ಯೂಟ್ಯೂಬ್ ಪಾಠಗಳು ಸಾಕಷ್ಟಿವೆ, ಕಲಿಸುವವರು ತಮ್ಮ ವಿದ್ಯಾರ್ಥಿಗಳಿಗೆ ದ್ರೋಹ ಮಾಡುತ್ತಿದ್ದಾರೆ. ರೇಜರ್‌ಪೇಯಲ್ಲಿ ಕೀ ಐಡಿ ಬ್ರೌಸರ್‌ಗೆ ಹೋಗಬಹುದು, ಕೀ ಸೀಕ್ರೆಟ್ ಸರ್ವರ್ ಬಿಟ್ಟು ಕದಲಬಾರದು. ಫೈರ್‌ಬೇಸ್‌ನ ವೆಬ್ ಕೀ ಗುರುತಿನ ಚೀಟಿಯಂತೆ, ಅಲ್ಲಿ ರಕ್ಷಣೆ ಇರುವುದು ಸೆಕ್ಯುರಿಟಿ ರೂಲ್ಸ್‌ನಲ್ಲಿ. ಅದೇ ಗೂಗಲ್ ಕೀಗೆ ಹಣ ಖರ್ಚಾಗುವ ಬೇರೆ ಎಪಿಐಗಳನ್ನು ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ. ಎಐ ಮಾಡೆಲ್‌ಗಳ ಕೀ ಯಾವ ಕಾರಣಕ್ಕೂ ಬ್ರೌಸರ್‌ನಲ್ಲಿ ಇರಬಾರದು.

ಪ್ರಶ್ನೆ: ಕುಬರ್ನೆಟಿಸ್ ಸೀಕ್ರೆಟ್ ಬೇಸ್64ನಲ್ಲಿ ಎನ್‌ಕ್ರಿಪ್ಟ್ ಆಗಿದೆ, ಗಿಟ್‌ಗೆ ಹಾಕಬಹುದೇ?

ಉತ್ತರ: ಬೇಸ್64 ಎನ್‌ಕ್ರಿಪ್ಷನ್ ಅಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದು. ಹಾಕಬೇಡಿ.

ಪ್ರಶ್ನೆ: ಡಾಕರ್‌ಫೈಲ್‌ನಲ್ಲಿ ಡಾಟ್ ಇಎನ್‌ವಿ ಕಾಪಿ ಮಾಡಿ, ಮುಂದಿನ ಸಾಲಿನಲ್ಲಿ ಅಳಿಸುತ್ತೇವೆ. ಸಾಕೇ?

ಉತ್ತರ: ಸಾಲದು, ಹಿಂದಿನ ಲೇಯರ್‌ನಲ್ಲಿ ಫೈಲು ಇಡಿಯಾಗಿ ಉಳಿದಿರುತ್ತದೆ. ಡಾಕರ್‌ನ ಬಿಲ್ಡ್‌ಕಿಟ್‌ನಲ್ಲಿರುವ ಸೀಕ್ರೆಟ್ ಮೌಂಟ್ ಬಳಸಿ.

ಪ್ರಶ್ನೆ: ನಾವು ಎನ್‌ಪಿಎಂಗೆ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಪ್ಯಾಕೇಜ್ ಬರೆಯುವವರಲ್ಲ, ಬಳಸುವವರಷ್ಟೇ. ಶಾಯ್-ಹುಲುದ್ ಹುಳುವಿನ ಸುದ್ದಿ ನಮಗೇಕೆ?

ಉತ್ತರ: ಅದು ನುಗ್ಗಿದ್ದೇ ಬಳಸುವವರ ಲ್ಯಾಪ್‌ಟಾಪ್‌ಗಳಿಗೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಆ ಹುಳು ಪ್ಯಾಕೇಜಿನ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಕೂತಿತ್ತು. ಇನ್‌ಸ್ಟಾಲ್ ಮಾಡಿದೊಡನೆ ಕೀ ಹುಡುಕುವ ಟ್ರಫಲ್‌ಹಾಗ್ ಎಂಬ ಸಾಧನದಿಂದಲೇ ಲ್ಯಾಪ್‌ಟಾಪ್ ಜಾಲಾಡಿ, ಸಿಕ್ಕ ಕೀಗಳನ್ನು ಪಬ್ಲಿಕ್ ಗಿಟ್‌ಹಬ್ ರೆಪೊಗೆ ಹಾಕುತ್ತಿತ್ತು. ಎನ್‌ಪಿಎಂ ಟೋಕನ್ ಸಿಕ್ಕರೆ ಆ ವ್ಯಕ್ತಿಯ ಪ್ಯಾಕೇಜುಗಳಿಗೂ ಹರಡುತ್ತಿತ್ತು. ನವೆಂಬರ್‌ನಲ್ಲಿ ಮರಳಿದಾಗ ಪ್ರಿಇನ್‌ಸ್ಟಾಲ್‌ಗೆ ಜಾಗ ಬದಲಿಸಿತು, ಇನ್‌ಸ್ಟಾಲ್ ಮುಗಿಯುವ ಮೊದಲೇ ಓಡುವಂತೆ. ಅದೇ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಸೇರಿ 18 ಪ್ಯಾಕೇಜುಗಳು ಒಬ್ಬ ನಿರ್ವಾಹಕರಿಗೆ ಬಂದ ಮೋಸದ ಇಮೇಲ್‌ನಿಂದ ಕೈತಪ್ಪಿದ್ದವು. ಆ ಕೆಟ್ಟ ಆವೃತ್ತಿಗಳು ಸಿಗುತ್ತಿದ್ದದ್ದು ಸುಮಾರು ಎರಡು ಗಂಟೆ ಮಾತ್ರ. ಅಂದರೆ ಹೊಸ ಆವೃತ್ತಿಯನ್ನು ಒಂದು ದಿನ ತಡವಾಗಿ ತಗೊಂಡಿದ್ದರೆ ನೀವು ಪಾರು. ಎನ್‌ಪಿಎಂ ಬದಲು ಬಳಸಬಹುದಾದ ಪಿಎನ್‌ಪಿಎಂ ಸಾಧನದಲ್ಲಿ 10.16ರಿಂದ ಮಿನಿಮಮ್ ರಿಲೀಸ್ ಏಜ್ ಎಂಬ ಸೆಟ್ಟಿಂಗ್ ಇದೆ, ಲೆಕ್ಕ ನಿಮಿಷಗಳಲ್ಲಿ: 1440 ಹಾಕಿದರೆ ಒಂದು ದಿನ. ನಾನು ಹೇಳುವುದು 10080, ಒಂದು ವಾರ. ತುರ್ತು ಭದ್ರತಾ ತೇಪೆಗಳಿಗೆ ಆ ಪ್ಯಾಕೇಜನ್ನಷ್ಟೇ ವಿನಾಯಿತಿ ಪಟ್ಟಿಗೆ ಸೇರಿಸಿ. ಪಿಎನ್‌ಪಿಎಂ 10 ಅವಲಂಬನೆಗಳ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ತಾನಾಗಿ ಓಡಿಸುವುದೂ ಇಲ್ಲ. ಎನ್‌ಪಿಎಂ ಬಿಡಲಾಗದವರು ಇಗ್ನೋರ್ ಸ್ಕ್ರಿಪ್ಟ್ಸ್ ಆನ್ ಮಾಡಿ, ಸಿಐ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ) ಸರ್ವರ್‌ನಲ್ಲಿ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಆದೇಶವನ್ನೇ ಕೊಡಿ, ಲಾಕ್‌ಫೈಲ್ (ಪ್ಯಾಕೇಜುಗಳ ನಿಖರ ಆವೃತ್ತಿಗಳ ಪಟ್ಟಿ) ಕಮಿಟ್ ಮಾಡಿರಿ. ಸ್ಕ್ರಿಪ್ಟ್ ನಿಲ್ಲಿಸಿದಾಗ ನೇಟಿವ್ ಭಾಗಗಳನ್ನು ಕಂಪೈಲ್ ಮಾಡುವ ಕೆಲವು ಪ್ಯಾಕೇಜು ಮುರಿಯುತ್ತವೆ, ಅವಕ್ಕಷ್ಟೇ ಇಗ್ನೋರ್ ಸ್ಕ್ರಿಪ್ಟ್ಸ್ ಆಫ್ ಮಾಡಿ, ಹೆಸರು ಹಿಡಿದು ರೀಬಿಲ್ಡ್ ಮಾಡಿ.

ಪ್ರಶ್ನೆ: 90 ದಿನಕ್ಕೊಮ್ಮೆ ಕೀ ಬದಲಿಸುವ ನಿಯಮವಿದೆ, ಸಾಲದೇ?

ಉತ್ತರ: ಬಾಟ್‌ಗೆ ನಿಮಿಷಗಳು ಸಾಕು. ಆ ನಿಯಮದಿಂದ ಒಂದೇ ಲಾಭ: ಕೀ ಬದಲಿಸುವ ಅಭ್ಯಾಸ ತಂಡಕ್ಕೆ ಇರುತ್ತದೆ.

ಪ್ರಶ್ನೆ: ಎಐ ಕೋಡಿಂಗ್ ಏಜೆಂಟ್‌ಗೆ ಡಾಟ್ ಇಎನ್‌ವಿ ಓದಲು ಬಿಡಬಹುದೇ?

ಉತ್ತರ: ಬೇಡ. ಅದರಲ್ಲಿ ಪ್ರೊಡಕ್ಷನ್ ಕೀ ಇದ್ದರೆ ಏಜೆಂಟ್ ಮಾತು ಆಮೇಲಿರಲಿ, ಅದು ನಿಮ್ಮ ಲ್ಯಾಪ್‌ಟಾಪ್‌ಗೆ ಬಂದದ್ದು ಹೇಗೆ ಎಂದು ಮೊದಲು ವಿಚಾರಿಸಿ.