ಸಾಲ ಬೇರೆ, ಅಂಕಪಟ್ಟಿ ಬೇರೆ: ಓದುಗರ ಪ್ರಶ್ನೆ, ಕಾನೂನಿನ ಉತ್ತರ

ಕಾಲೇಜು ಪ್ರವೇಶದ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪೋಷಕರನ್ನು ಕಾಡುವ ಕೆಲವು ಪ್ರಶ್ನೆಗಳು ಇಲ್ಲಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ. ಕೇಳಿದವರ ಹೆಸರು, ಸಂಸ್ಥೆಗಳ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ಮಗಳನ್ನು ನೀಟ್ ಕೋಚಿಂಗ್‌ಗೆ ಸೇರಿಸುವಾಗ ‘ಬಡ್ಡಿಯಿಲ್ಲದ ಕಂತಿನಲ್ಲಿ ಕಟ್ಟಿ ಸಾರ್’ ಅಂದರು. ಅಲ್ಲೇ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಸಿ, ಆಧಾರ್, ಪ್ಯಾನ್ ತೆಗೆದುಕೊಂಡು ಎರಡು ಓಟಿಪಿ ಕೇಳಿದರು. ಎರಡೇ ತಿಂಗಳಿಗೆ ಮಗಳು ಬಿಟ್ಟಳು. ಕೋಚಿಂಗ್‌ನವರಿಗೆ ಹೇಳಿಯೂ ಆಯಿತು. ಆದರೆ ಕಂತು ಖಾತೆಯಿಂದ ಹೋಗುತ್ತಲೇ ಇದೆ. ಒಂದು ಕಂತು ತಪ್ಪಿದ್ದಕ್ಕೆ ನನ್ನ ಅಂಗಡಿ ಗಿರಾಕಿಗಳಿಗೆ, ಮಗಳ ಕಾಲೇಜಿನ ಮೇಡಂಗೆ ಫೋನ್ ಹೋಗಿದೆ. ಖಾತೆ ಖಾಲಿ ಮಾಡಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ. ಮಾಡಲೇ? — ಒಬ್ಬ ತಂದೆ, ತುಮಕೂರು

ಉತ್ತರ: ಮಾಡಬೇಡಿ. ಕಂತು ತಾನಾಗಿ ಕಡಿತವಾಗಲು ನೀವು ಓಟಿಪಿ ಕೊಟ್ಟು ಒಪ್ಪಿದ್ದಕ್ಕೆ ನ್ಯಾಚ್ ಮ್ಯಾಂಡೇಟ್ ಎನ್ನುತ್ತಾರೆ. ಖಾತೆಯಲ್ಲಿ ಹಣವಿಲ್ಲದೆ ಅದು ಬೌನ್ಸ್ ಆದರೆ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಕ್ರಿಮಿನಲ್ ಕೇಸು ಹಾಕಬಹುದು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. ಈ ಸಲಹೆ ಕೊಡುವವರಿಗೆ ಇದು ಗೊತ್ತಿರುವುದಿಲ್ಲ.

ನೀವು ಶುಲ್ಕವನ್ನು ಕಂತಿನಲ್ಲಿ ಕಟ್ಟಿಲ್ಲ, ಸಾಲ ತೆಗೆದಿದ್ದೀರಿ. ಯಾವುದೋ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಹಣಕಾಸು ಕಂಪನಿ) ನಿಮ್ಮ ಹೆಸರಿನಲ್ಲಿ ಸಾಲ ಮಂಜೂರು ಮಾಡಿ ಹಣವನ್ನು ಕೋಚಿಂಗ್ ಸೆಂಟರ್‌ಗೆ ಕೊಟ್ಟುಬಿಟ್ಟಿದೆ. ಆದ್ದರಿಂದ ‘ಮಗಳು ಬಿಟ್ಟಳು’ ಎಂದು ಕೋಚಿಂಗ್‌ನವರಿಗೆ ಹೇಳಿದ ಮಾತ್ರಕ್ಕೆ ಸಾಲ ನಿಲ್ಲುವುದಿಲ್ಲ. ಎರಡು ಬೇರೆ ಬೇರೆ ಕರಾರು, ಇಬ್ಬರಿಗೂ ಬೇರೆ ಬೇರೆ ಬರೆಯಬೇಕು.

ಮೊದಲು ಇಮೇಲ್ ಮತ್ತು ಎಸ್‌ಎಂಎಸ್‌ನಲ್ಲಿ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಕಾಗದ ಹುಡುಕಿ. ಡಿಜಿಟಲ್ ಸಾಲ ಕೊಡುವವರು ಅದನ್ನು ಕೊಡಲೇಬೇಕೆಂಬುದು ಆರ್‌ಬಿಐ ನಿಯಮ (2022ರ ಸೆಪ್ಟೆಂಬರ್‌ನ ಮಾರ್ಗಸೂಚಿ, ನಂತರ 2025ರ ಮೇ ತಿಂಗಳ ನಿರ್ದೇಶನ). ಅದರಲ್ಲಿ ನಾಲ್ಕು ಸಂಗತಿ ನೋಡಿ: ಸಾಲ ಕೊಟ್ಟ ಸಂಸ್ಥೆಯ ನಿಜವಾದ ಹೆಸರು (ಆ್ಯಪ್‌ನ ಹೆಸರಲ್ಲ), ಎಪಿಆರ್ ಅಂದರೆ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ, ‘ಕೂಲಿಂಗ್ ಆಫ್’ ಅವಧಿ, ದೂರು ಅಧಿಕಾರಿಯ ಹೆಸರು ಮತ್ತು ಫೋನ್. ಬಡ್ಡಿ ಸೊನ್ನೆ ಎಂದು ಬರೆದಿದ್ದರೂ ಪ್ರೊಸೆಸಿಂಗ್ ಶುಲ್ಕ ಸೇರಿದಾಗ ಎಪಿಆರ್ ಸೊನ್ನೆ ಇರುವುದಿಲ್ಲ; ಬಡ್ಡಿಯಿಲ್ಲದ ಸಾಲದ ಬಣ್ಣ ಬಯಲಾಗುವುದು ಆ ಸಾಲಿನಲ್ಲೇ. ಕೂಲಿಂಗ್ ಆಫ್ ಕನಿಷ್ಠ ಒಂದು ದಿನ ಇರಬೇಕು. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ನಿಮ್ಮ ವಿಷಯದಲ್ಲಿ ಅದು ಮುಗಿದಿದೆ. ಮುಂದೆ ಸಹಿ ಮಾಡುವವರು ನೆನಪಿಡಲಿ.

ಕೋಚಿಂಗ್ ಸೆಂಟರ್‌ಗೆ ಬರೆಯುವ ಪತ್ರದಲ್ಲಿ ಮಗಳು ಬಿಟ್ಟ ದಿನಾಂಕ ಹಾಕಿ, ಉಳಿದ ಅವಧಿಯ ಶುಲ್ಕವನ್ನು ನೇರವಾಗಿ ಸಾಲದ ಖಾತೆಗೆ ಜಮಾ ಮಾಡಿ ಎಂದು ಕೇಳಿ, ಸಾಲದ ಖಾತೆ ಸಂಖ್ಯೆ ನಮೂದಿಸಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನದಲ್ಲಿ ಮರಳಿಸಬೇಕು ಎನ್ನುತ್ತದೆ. ಅದು ಮಾರ್ಗಸೂಚಿ, ಕಾಯ್ದೆಯಲ್ಲ. ಆದರೂ ಪತ್ರದಲ್ಲಿ ಉಲ್ಲೇಖಿಸಿದರೆ ತೂಕ ಬರುತ್ತದೆ. ಪತ್ರದ ಪ್ರತಿಯನ್ನು ಎನ್‌ಬಿಎಫ್‌ಸಿಯ ದೂರು ಅಧಿಕಾರಿಗೂ ಕಳಿಸಿ. ಹಣ ಮರಳದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಲ್ಲಿಯವರೆಗೆ ಕಂತು ಕಟ್ಟುತ್ತಿರಿ. ಹೊಟ್ಟೆ ಉರಿದರೂ ಸರಿ. ಕಟ್ಟದಿದ್ದರೆ ಸುಸ್ತಿ ದಾಖಲಾಗುವುದು ನಿಮ್ಮ ಹೆಸರಿನಲ್ಲಿ, ಕೋಚಿಂಗ್‌ನವರ ಹೆಸರಿನಲ್ಲಲ್ಲ.

ಇನ್ನು ಆ ಫೋನುಗಳು. ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆ ದಾಖಲೆ, ಫೋಟೊಗಳನ್ನು ಸಾಲದ ಆ್ಯಪ್ ಮುಟ್ಟುವಂತೆಯೇ ಇಲ್ಲ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಒಮ್ಮೆ ಮಾತ್ರ, ಅದೂ ಒಪ್ಪಿಗೆ ಪಡೆದು. ಗಿರಾಕಿಗಳ ನಂಬರು ಅವರಿಗೆ ಸಿಕ್ಕಿದ್ದು ಹೇಗೆ ಎಂಬುದೇ ನಿಮ್ಮ ದೂರಿನ ಮೊದಲ ವಾಕ್ಯವಾಗಲಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ, ಮನೆಯವರು ಮತ್ತು ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ. ಇದು 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆ. ಕರೆ ಬಂದ ಗಿರಾಕಿಗಳಿಂದಲೂ ಕಾಲೇಜಿನ ಮೇಡಂ ಅವರಿಂದಲೂ ದಿನಾಂಕ, ಸಮಯ ಕಾಣುವ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಸಂಸ್ಥೆಗೆ ದೂರು ಕೊಟ್ಟು 30 ದಿನದಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ, ಮಾಹಿತಿಗೆ 14448. ಬೆದರಿಕೆ ಇದ್ದರೆ 30 ದಿನ ಕಾಯಬೇಕಿಲ್ಲ, ನೇರ ಪೊಲೀಸ್ ಠಾಣೆ. ಸಾಲ ಕೊಟ್ಟ ಹೆಸರು ಆರ್‌ಬಿಐ ಪಟ್ಟಿಯಲ್ಲೇ ಇಲ್ಲದಿದ್ದರೆ ಆರ್‌ಬಿಐನ ‘ಸಚೇತ್’ ಪೋರ್ಟಲ್‌ನಲ್ಲಿ ದೂರು ಕೊಡಿ. ಮೋಸದಿಂದ ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930.

ಒಂದು ಮಾತು: ಓಟಿಪಿ ಹೇಳಿದ್ದು, ಸಾಲ ತೆಗೆದದ್ದು 18 ತುಂಬದ ಮಗಳೇ ಆಗಿದ್ದರೆ ಲೆಕ್ಕ ಬೇರೆ. ಅಪ್ರಾಪ್ತರ ಕರಾರು ಕಾನೂನಿನಲ್ಲಿ ಅನೂರ್ಜಿತ.

ಪ್ರಶ್ನೆ: ಮಗಳು ಖಾಸಗಿ ಕಾಲೇಜಿನಲ್ಲಿ ಬಿಎಸ್‌ಸಿಗೆ ಸೇರಿದ್ದಳು. ಬೇರೆಡೆ ಸೀಟು ಸಿಕ್ಕಿ, ಪ್ರವೇಶದ ಕೊನೆಯ ದಿನ ಕಳೆದು ಮೂರು ವಾರಕ್ಕೆ ಬಿಟ್ಟಳು. ಮೂಲ ಅಂಕಪಟ್ಟಿ, ಟಿಸಿ ಕೇಳಿದರೆ ‘ಉಳಿದ ವರ್ಷಗಳ ಫೀಸು ಕಟ್ಟಿ’ ಎನ್ನುತ್ತಿದ್ದಾರೆ. ಮೊದಲ ಕಂತು ಬ್ಯಾಂಕ್ ಸಾಲದಿಂದ ಹೋಗಿದೆ. — ಶಿಡ್ಲಘಟ್ಟ

ಉತ್ತರ: ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಂಡದ್ದೇ ತಪ್ಪು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಅಕ್ಟೋಬರ್ ಅಧಿಸೂಚನೆಯ ಪ್ರಕಾರ ಪ್ರವೇಶದ ವೇಳೆ ಮೂಲ ಪ್ರತಿ ನೋಡಿ ಅಲ್ಲೇ ಹಿಂದಿರುಗಿಸಬೇಕು. ಸ್ವಯಂ ದೃಢೀಕರಿಸಿದ ನಕಲು ಮಾತ್ರ ಇಟ್ಟುಕೊಳ್ಳಬಹುದು. ಓದುತ್ತಿರುವ ಸೆಮಿಸ್ಟರ್ ಅಥವಾ ವರ್ಷದ ಶುಲ್ಕ ಬಿಟ್ಟು ಮುಂದಿನದನ್ನು ಮುಂಗಡ ಕೇಳುವಂತಿಲ್ಲ. ಅದೇ ಅಧಿಸೂಚನೆ ಕಟ್ಟಿದ ಶುಲ್ಕ ಎಷ್ಟು ಮರಳಬೇಕೆಂದೂ ಹೇಳುತ್ತದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ 100%, ಅದಕ್ಕಿಂತ ಕಡಿಮೆ ದಿನ ಉಳಿದಿದ್ದಾಗ ಬಿಟ್ಟರೆ 90%, ಕೊನೆಯ ದಿನ ಕಳೆದು 15 ದಿನದೊಳಗೆ 80%, 15ರಿಂದ 30 ದಿನದೊಳಗೆ 50%, ಆಮೇಲೆ ಇಲ್ಲ. ನಿಮ್ಮ ಮಗಳಿಗೆ 50% ಬರಬೇಕು. ಕೆಲವು ವರ್ಷ ಯುಜಿಸಿ ಪ್ರತ್ಯೇಕ ದಿನಾಂಕವನ್ನೂ ಕೊಡುತ್ತದೆ (2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಶುಲ್ಕ ವಾಪಸ್ ಇತ್ತು), ಆ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಎಂಜಿನಿಯರಿಂಗ್‌ಗೆ ಎಐಸಿಟಿಇ ನಿಯಮ. ಕೆಇಎ ಮೂಲಕ ಪಡೆದ ಸೀಟಾದರೆ ರದ್ದತಿಗೆ ಕೆಇಎಯದೇ ಷರತ್ತುಗಳಿವೆ, ಇವೆರಡನ್ನೂ ಬೆರೆಸಬೇಡಿ.

ಬಾಯಿಮಾತಿನಲ್ಲಿ ಕೇಳುತ್ತಾ ತಿರುಗಬೇಡಿ. ಮಗಳ ಸಹಿಯಲ್ಲಿ, ಪ್ರಾಂಶುಪಾಲರ ಹೆಸರಿಗೆ ಹೀಗೆ ಬರೆಯಿರಿ: ‘ಇಂಥ ದಿನಾಂಕದಂದು ಪ್ರವೇಶ ರದ್ದು ಮಾಡಿಕೊಂಡಿದ್ದೇನೆ. ನನ್ನ ಎಸ್‌ಎಸ್‌ಎಲ್‌ಸಿ ಹಾಗೂ ದ್ವಿತೀಯ ಪಿಯುಸಿ ಮೂಲ ಅಂಕಪಟ್ಟಿಗಳು (ನೋಂದಣಿ ಸಂಖ್ಯೆ ಇಂಥದ್ದು) ಮತ್ತು ವರ್ಗಾವಣೆ ಪತ್ರ ತಮ್ಮಲ್ಲಿವೆ. ಯುಜಿಸಿಯ 2018ರ ಅಧಿಸೂಚನೆಯಂತೆ ಏಳು ದಿನದೊಳಗೆ ಹಿಂದಿರುಗಿಸಬೇಕು. ಕೊಡಲು ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.’ ಕೊನೆಯ ವಾಕ್ಯ ಮುಖ್ಯ. ‘ಫೀಸಿಗಾಗಿ ಅಂಕಪಟ್ಟಿ ಇಟ್ಟುಕೊಂಡಿದ್ದೇವೆ’ ಎಂದು ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಲು ಯಾವ ಕಾಲೇಜಿಗೂ ಧೈರ್ಯ ಬರುವುದಿಲ್ಲ. ಕಚೇರಿಯಲ್ಲಿ ಕೊಟ್ಟರೆ ನಕಲಿನ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ; ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್ ಮತ್ತು ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೆ ದೂರು. ಅದಕ್ಕೂ ಬಗ್ಗದಿದ್ದರೆ ಶಿಡ್ಲಘಟ್ಟ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಹಾಗಾಗಿ ಅರ್ಜಿ ಮಗಳ ಹೆಸರಿನಲ್ಲೇ ಇರಲಿ. ಸಹಾಯವಾಣಿ 15100.

ಈ ಜಗ್ಗಾಟ ನಡೆಯುವಾಗ ಹೊಸ ಕಾಲೇಜಿಗೆ ಡಿಜಿಲಾಕರ್‌ನಿಂದ ಇಳಿಸಿದ ಅಂಕಪಟ್ಟಿ ಕೊಡಿ. ಡಿಜಿಲಾಕರ್‌ನಲ್ಲಿ ಮಂಡಳಿಯೇ ನೀಡಿದ ದಾಖಲೆಗೆ ಮೂಲ ಪ್ರತಿಯ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಇಲ್ಲ. ಬ್ಯಾಂಕಿಗೆ ಮಾತ್ರ ಇವತ್ತೇ ತಿಳಿಸಿ: ಮುಂದಿನ ಕಂತು ಹಳೆಯ ಕಾಲೇಜಿಗೆ ಬಿಡುಗಡೆ ಮಾಡಬೇಡಿ, ಮರಳುವ ಹಣ ಸಾಲದ ಖಾತೆಗೇ ಬರಲಿ.

ಪ್ರಶ್ನೆ: ಮಗನ ಆರು ಲಕ್ಷದ ಶಿಕ್ಷಣ ಸಾಲದ ಅರ್ಜಿಗೆ ಮ್ಯಾನೇಜರ್ ಮೂರು ಕೊಕ್ಕೆ ಹಾಕಿದ್ದಾರೆ. ಜಮೀನಿನ ಪತ್ರ ತನ್ನಿ, ನಿಮ್ಮ ಊರು ನಮ್ಮ ಸರ್ವಿಸ್ ಏರಿಯಾ ಅಲ್ಲ, ನಿಮ್ಮ ಬೆಳೆ ಸಾಲ ಸುಸ್ತಿಯಾಗಿ ಸಿಬಿಲ್ ಕೆಟ್ಟಿದೆ. — ಚಿಂತಾಮಣಿ

ಉತ್ತರ: ಮೊದಲ ಎರಡು ನಿಲ್ಲುವುದಿಲ್ಲ. 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳಬಾರದೆಂದು ಆರ್‌ಬಿಐ ಹೇಳಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಡಿ, ಕೇಂದ್ರದ ಸಾಲ ಖಾತರಿ ನಿಧಿಯ ಬಲದಲ್ಲಿ, ಏಳೂವರೆ ಲಕ್ಷದವರೆಗೆ ಅಡಮಾನ, ಮೂರನೆಯವರ ಜಾಮೀನು ಎರಡೂ ಇಲ್ಲದೆ ಕೊಡಬಹುದು. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಮಾಡುವುದು ಬೇರೆ ಮಾತು, ಅದು ಬೇಕೇ ಬೇಕು. ಸರ್ವಿಸ್ ಏರಿಯಾ ಕಾರಣಕ್ಕೆ ಶಿಕ್ಷಣ ಸಾಲ ತಿರಸ್ಕರಿಸಬಾರದೆಂದು ಆರ್‌ಬಿಐ 2012ರಲ್ಲೇ ಸ್ಪಷ್ಟಪಡಿಸಿದೆ.

ಮೂರನೆಯದು ಗಟ್ಟಿ ಕೊಕ್ಕೆ. ಪೋಷಕರ ಸಾಲದ ಇತಿಹಾಸ ಚೆನ್ನಾಗಿಲ್ಲವೆಂಬ ಕಾರಣಕ್ಕೆ ವಿದ್ಯಾರ್ಥಿಗೆ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2020ರಲ್ಲಿ ಹೇಳಿದೆ. ಇಲ್ಲಿನ ಬ್ಯಾಂಕುಗಳನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ, ಆದರೆ ಅರ್ಜಿಯಲ್ಲಿ ಉಲ್ಲೇಖಿಸಲು ಯೋಗ್ಯ. ಸುಸ್ತಿ ಸಣ್ಣದಾದರೆ ತೀರಿಸುವುದೇ ಹತ್ತಿರದ ದಾರಿ. ಇಲ್ಲವೇ ತಾಯಿಯ ದಾಖಲೆ ಸರಿಯಿದ್ದರೆ ಅವರನ್ನು ಸಹ-ಸಾಲಗಾರರನ್ನಾಗಿ ಮಾಡಿ.

ಮಾದರಿ ಯೋಜನೆಯ ಪ್ರಕಾರ ತಿರಸ್ಕಾರಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಕಾರಣ ತಿಳಿಸಬೇಕು. ಆದ್ದರಿಂದ ಅರ್ಜಿಯನ್ನು ಕೌಂಟರ್‌ನಲ್ಲಿ ಕೊಟ್ಟು ಬರಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಹಾಕಿ. ಆಗ ದಿನಾಂಕ ದಾಖಲಾಗುತ್ತದೆ. ಸರ್ಕಾರಿ ಬ್ಯಾಂಕಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಮಗನೇ ತನ್ನ ಕಡತದ ಟಿಪ್ಪಣಿ ಕೇಳಬಹುದು. ಒಂಬುಡ್ಸ್‌ಮನ್‌ಗೆ ಬರೆಯುವಾಗ ಮಾತ್ರ ಎಚ್ಚರ: ‘ಸಾಲ ಕೊಡಲಿಲ್ಲ’ ಎಂದು ಬರೆದರೆ, ಅದು ಬ್ಯಾಂಕಿನ ವಾಣಿಜ್ಯ ತೀರ್ಮಾನ ಎಂದು ದೂರು ವಜಾ ಆಗುತ್ತದೆ. ‘ಸರ್ವಿಸ್ ಏರಿಯಾ ಎಂದು ಅರ್ಜಿ ಸ್ವೀಕರಿಸಲಿಲ್ಲ, ಲಿಖಿತ ಕಾರಣ ಕೊಡಲಿಲ್ಲ’ ಎಂದು ಬರೆಯಿರಿ.

ಪ್ರಶ್ನೆ: ಅಮೆರಿಕದಲ್ಲಿ ಎಂಎಸ್ ಮಾಡುತ್ತಿರುವ ಮಗನ ಅಂಕ, ಹಾಜರಿ ಕೇಳಿ ವಿಶ್ವವಿದ್ಯಾಲಯಕ್ಕೆ ಮೇಲ್ ಮಾಡಿದರೆ ‘ತಿಳಿಸಲಾಗದು’ ಎಂದರು. ಮನೆ ಅಡವಿಟ್ಟು ಸಾಲ ತೆಗೆದವನು ನಾನು. ಬ್ಯಾಂಕು ಬೇರೆ ಪ್ರಗತಿ ವರದಿ ಕೇಳುತ್ತಿದೆ. — ಕೋಲಾರ

ಉತ್ತರ: ನಿಮ್ಮ ಸಂಕಟ ನ್ಯಾಯವಾದದ್ದೇ, ಆದರೆ ಅವರು ಅಲ್ಲಿನ ಕಾನೂನಿನಂತೆ ನಡೆದಿದ್ದಾರೆ. 1974ರ ಫರ್ಪಾ ಎಂಬ ಕಾಯ್ದೆಯಡಿ, ಮಕ್ಕಳಿಗೆ 18 ತುಂಬಿದರೆ ಅಥವಾ ಕಾಲೇಜು ಸೇರಿದರೆ ಶೈಕ್ಷಣಿಕ ದಾಖಲೆಯ ಮೇಲಿನ ಹಕ್ಕು ಪೋಷಕರಿಂದ ಮಕ್ಕಳಿಗೆ ಹೋಗುತ್ತದೆ. ಫೀಸು ಯಾರು ಕಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ಪೋಷಕರಿಗೆ ಒಂದು ವಿನಾಯಿತಿ ಇದೆ, ಆದರೆ ಅದು ಮಗನನ್ನು ಅಮೆರಿಕದ ಆದಾಯ ತೆರಿಗೆಯಲ್ಲಿ ಅವಲಂಬಿತನೆಂದು ತೋರಿಸಿದವರಿಗೆ. ಕೋಲಾರದಲ್ಲಿದ್ದು ಇಲ್ಲಿ ತೆರಿಗೆ ಕಟ್ಟುವವರಿಗೆ ಅನ್ವಯಿಸದು. ಜೀವ, ಆರೋಗ್ಯಕ್ಕೆ ಅಪಾಯವಿದ್ದಾಗ ಮಾತ್ರ ಅವರೇ ಪೋಷಕರಿಗೆ ತಿಳಿಸಬಹುದು.

ದಾರಿ ಮಗನ ಕೈಯಲ್ಲೇ ಇದೆ. ವಿದ್ಯಾರ್ಥಿ ಪೋರ್ಟಲ್‌ನಲ್ಲಿ ಅಥವಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಫರ್ಪಾ ಒಪ್ಪಿಗೆ ಪತ್ರ ಇರುತ್ತದೆ. ಯಾವ ದಾಖಲೆ, ಯಾರಿಗೆ, ಯಾವ ಉದ್ದೇಶಕ್ಕೆ ಎಂದು ತುಂಬಿ ಸಹಿ ಮಾಡಬೇಕು. ನಿಮ್ಮ ಹೆಸರಿಗೆ ಶುಲ್ಕದ ಲೆಕ್ಕ ಮಾತ್ರ, ಬ್ಯಾಂಕಿಗೆ ಅಂಕದ ವಿವರ ಎಂದು ಬೇರೆ ಬೇರೆ ಕೊಡಬಹುದು. ಬ್ಯಾಂಕಿಗೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಅನ್ನು ವಿಶ್ವವಿದ್ಯಾಲಯದಿಂದಲೇ ಶಾಖೆಯ ಇಮೇಲ್‌ಗೆ ಕಳಿಸಲು ಮಗ ಕೋರಿದರೆ ನೀವು ನಡುವೆ ಓಡಾಡುವುದು ತಪ್ಪುತ್ತದೆ. ಅವನ ಸೋಶಿಯಲ್ ಸೆಕ್ಯುರಿಟಿ ನಂಬರನ್ನು ಬ್ಯಾಂಕು ಕೇಳಿದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಮಾತ್ರ ಸಹ-ಸಾಲಗಾರರಾಗಿ ನಿಮ್ಮ ಹಕ್ಕು, ಅದಕ್ಕೆ ಮಗನ ಒಪ್ಪಿಗೆ ಬೇಕಿಲ್ಲ.

ಪ್ರಶ್ನೆ: ಸಾಲ ಪೂರ್ತಿ ತೀರಿಸಿದರೂ ಸಿಬಿಲ್‌ನಲ್ಲಿ ಬಾಕಿ ತೋರಿಸುತ್ತಿದೆ. ಸೈಟಿನ ಪತ್ರವೂ ವಾಪಸ್ ಬಂದಿಲ್ಲ. — ಗುಬ್ಬಿ

ಉತ್ತರ: ‘ನೋ ಡ್ಯೂ’ ಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೂ ಸಿಬಿಲ್‌ಗೂ ತಿದ್ದುಪಡಿ ಕೋರಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ. ಸಿಬಿಲ್‌ನಂತೆಯೇ ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕಂಪನಿಗಳ ವರದಿಗಳನ್ನೂ ತೆಗೆದು ನೋಡಿ. ವರ್ಷಕ್ಕೊಂದು ಪೂರ್ಣ ವರದಿ ಪ್ರತಿ ಕಂಪನಿಯಿಂದ ಉಚಿತ. ಕಡಿಮೆ ಮೊತ್ತಕ್ಕೆ ರಾಜಿಯಾಗಿ ಮುಗಿಸಿದ್ದರೆ ಅದು ‘ಸೆಟಲ್ಡ್’ ಎಂದೇ ಇರುತ್ತದೆ, ‘ಕ್ಲೋಸ್ಡ್’ ಆಗುವುದಿಲ್ಲ. ಆಸ್ತಿ ಪತ್ರಗಳನ್ನು ಸಾಲ ತೀರಿದ 30 ದಿನದಲ್ಲಿ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ (2023ರ ಡಿಸೆಂಬರ್ 1ರಿಂದ ಜಾರಿ). ಪತ್ರ ಕೈಗೆ ಬಂದ ಮೇಲೆ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ, ಅಡಮಾನ ಬಿಡುಗಡೆಯಾಗಿದೆಯೇ ನೋಡಿ. ಇದನ್ನು ಮರೆತವರಿಗೆ ಸೈಟು ಮಾರುವಾಗ ತೊಡಕಾಗುತ್ತದೆ.

ಪ್ರಶ್ನೆ: ಶಾಲೆಯಲ್ಲಿ ‘ಅಪಾರ್’ ಐಡಿಗೆ ಸಹಿ ಕಡ್ಡಾಯ ಎನ್ನುತ್ತಿದ್ದಾರೆ. ಇತ್ತ ದೊಡ್ಡ ಮಗನ ಪಿಯುಸಿ ಫಲಿತಾಂಶ ಬಂದ ದಿನದಿಂದ ಯಾವ್ಯಾವುದೋ ಕಾಲೇಜಿನಿಂದ ಕರೆ. ನಂಬರು ಕೊಟ್ಟವರು ಯಾರು? — ಪಾವಗಡ

ಉತ್ತರ: ಅಪಾರ್ ಎಂದರೆ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ. ಅದು ಸ್ವಯಂಪ್ರೇರಿತ. ಮಕ್ಕಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಒಪ್ಪದಿದ್ದರೆ ಬಾಯಲ್ಲಿ ಹೇಳದೆ ಬರೆದು ಕೊಡಿ. ಆಧಾರ್ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2018ರ ತೀರ್ಪು. ನಕಲು ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಕೊಡಿ.

ನಂಬರು ಹೋಗಿದ್ದು ಅಣಕು ಪರೀಕ್ಷೆ, ‘ಉಚಿತ ಕೌನ್ಸೆಲಿಂಗ್’, ಸ್ಕಾಲರ್‌ಶಿಪ್ ಹೆಸರಿನ ಅರ್ಜಿಗಳಿಂದ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕಡ್ಡಾಯ ಮಾಡಿದೆ. ಆದರೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯಂಥ ಮುಖ್ಯ ಕಲಂಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಕೈಗೆಟಕುವ ಉಪಾಯ 1909ಕ್ಕೆ ಕರೆ ಮಾಡಿ ‘ಡಿಎನ್‌ಡಿ’ (ಜಾಹೀರಾತು ಕರೆ ಬೇಡ) ನೋಂದಾಯಿಸುವುದು. ಆಮೇಲೂ ಕರೆ ಬಂದರೆ ಅದೇ 1909ಕ್ಕೆ ದೂರು ಕೊಡಿ. ಕರೆ ಬಂದ ನಂಬರು, ದಿನಾಂಕ, ಸಮಯ ಬರೆದಿಟ್ಟುಕೊಂಡಿರಿ.