ಎಚ್ ಮೈನಸ್ ಅಯಾನ್ ಮೂಲ ಕಟ್ಟಲು ಸೀಸಿಯಂ ಬೇಕೇ ಬೇಕಾ?

ಶಂಕರಘಟ್ಟದಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ 15 ಕಿಲೋವೋಲ್ಟಿನ ಋಣ ಹೈಡ್ರೋಜನ್ ಅಯಾನ್ (ಎಚ್ ಮೈನಸ್, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಿರುವ ಹೈಡ್ರೋಜನ್ ಪರಮಾಣು) ಹೊರಡಿಸುವ ಮೂಲ ಮಾಡಬೇಕು, ಸೀಸಿಯಂ ಎಂಬ ಲೋಹ ಇಲ್ಲದೆ ಆಗುತ್ತದಾ, ಮಳೆಗಾಲ ಅಡ್ಡಿಯಾಗುತ್ತದಾ ಎಂದು ಕೇಳಿದ್ದೀರಿ.

ಸೀಸಿಯಂ ಇಲ್ಲದೆ ಆಗುತ್ತದೆ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಾಡುವುದು ಎಲೆಕ್ಟ್ರಾನ್.

ಈ ಅಯಾನಿನ ಎರಡನೇ ಎಲೆಕ್ಟ್ರಾನ್ ಅಂಟಿಕೊಂಡಿರುವುದು ಬರೀ 0.75 ಎಲೆಕ್ಟ್ರಾನ್‌ವೋಲ್ಟಿನಲ್ಲಿ, ಬಿಸಿ ಎಲೆಕ್ಟ್ರಾನ್ ತಾಗಿದರೆ ಉದುರಿಹೋಗುತ್ತದೆ. ಹಾಗಾಗಿ ಗಾಳಿ ತೆಗೆದು ಹೈಡ್ರೋಜನ್ ಬಿಡುವ ಲೋಹದ ಒಂದೇ ಕೋಣೆಯನ್ನು ಆಯಸ್ಕಾಂತದಿಂದ ಎರಡು ಮಾಡಬೇಕು. ಟಂಗ್‌ಸ್ಟನ್ ಫಿಲಮೆಂಟ್ ಇರುವ ಕಡೆ ಬಿಸಿ ಎಲೆಕ್ಟ್ರಾನ್‌ಗಳು ಹೈಡ್ರೋಜನ್ ಅಣುಗಳನ್ನು ಜೋರಾಗಿ ಕಂಪಿಸುವಂತೆ ಮಾಡಲಿ. ಮಧ್ಯೆ ನೂರಿನ್ನೂರು ಗೌಸಿನ ಅಡ್ಡ ಕ್ಷೇತ್ರ. ಅದನ್ನು ದಾಟಿ ಬರುವ ತಣ್ಣನೆಯ, 1 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನ ಎಲೆಕ್ಟ್ರಾನ್ ಆ ಅಣುವಿಗೆ ಸೇರಿದಾಗ ಅಣು ಒಡೆದು ಒಂದು ಭಾಗ ಎಚ್ ಮೈನಸ್ ಆಗುತ್ತದೆ. ಒತ್ತಡ ಅರ್ಧ ಪಾಸ್ಕಲ್ ಸುತ್ತಮುತ್ತ ಸಾಕು. ಹೆಚ್ಚಿಸಿದರೆ ಹೊರಬರುವ ದಾರಿಯ ಅನಿಲವೇ ಅಯಾನನ್ನು ಕೆಡಿಸುತ್ತದೆ.

ಈಗ ತಲೆನೋವು. 1 ಮಿಲಿಆಂಪಿಯರ್ ಅಯಾನಿನ ಜೊತೆ 30 ಮಿಲಿಆಂಪಿಯರ್ ಎಲೆಕ್ಟ್ರಾನ್ ಬಂದರೆ ಆಶ್ಚರ್ಯವಿಲ್ಲ. 15 ಕಿಲೋವೋಲ್ಟಿಗೆ ಅದು 450 ವಾಟ್ ಶಾಖ, ಜೊತೆಗೆ ಮೆದು ಎಕ್ಸ್-ರೇ. ಗಾಜಿನ ಕಿಟಕಿಗೆ ಸೀಸದ ಗಾಜು ಹಾಕಿ. ಪ್ಲಾಸ್ಮಾ ಎಲೆಕ್ಟ್ರೋಡಿಗೆ, ಅಂದರೆ ಅಯಾನ್ ಹೊರಬರುವ ತೂತಿರುವ ತಟ್ಟೆಗೆ, ಗೋಡೆಗಿಂತ ಕೆಲವು ವೋಲ್ಟ್ ಧನ ಬಯಾಸ್ ಕೊಟ್ಟರೆ ಎಲೆಕ್ಟ್ರಾನ್ ಇಳಿಯುತ್ತದೆ. ಉಳಿದದ್ದನ್ನು ಅಯಾನನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಷನ್ ಎಲೆಕ್ಟ್ರೋಡಿನೊಳಗಿನ ಆಯಸ್ಕಾಂತಗಳಿಂದ ಬಾಗಿಸಿ, ನೀರಿನಿಂದ ತಂಪಾಗಿಸಿದ ತಾಮ್ರದ ಮೇಲೆ ಬೀಳಿಸಿ.

ಇಷ್ಟಾದರೂ ಫ್ಯಾರಡೆ ಕಪ್ಪಿನ (ಅಯಾನ್ ಹಿಡಿದು ಪ್ರವಾಹ ಅಳೆಯುವ ಲೋಹದ ಬಟ್ಟಲು) ಅಂಕಿಯನ್ನು ನಂಬಬೇಡಿ. ಹೈಡ್ರೋಜನ್ ನಿಲ್ಲಿಸಿ ಆರ್ಗಾನ್ ಅನಿಲವನ್ನು ಒಳಗೆ ಬಿಡಿ. ಆರ್ಗಾನಿಗೆ ಸ್ಥಿರ ಋಣ ಅಯಾನ್ ಇಲ್ಲ, ಆದ್ದರಿಂದ ಕಪ್ಪಿನಲ್ಲಿ ಆಗಲೂ ಋಣ ಪ್ರವಾಹ ಕಂಡರೆ ಅದೆಲ್ಲ ಎಲೆಕ್ಟ್ರಾನ್. ಕಪ್ಪಿನ ಬಾಯಿಗೆ ಮೈನಸ್ 150 ವೋಲ್ಟಿನ ಬಳೆ ಇಲ್ಲದಿದ್ದರೆ ಅಲ್ಲಿಂದ ಚಿಮ್ಮುವ ಎಲೆಕ್ಟ್ರಾನ್ ತಪ್ಪಿಸಿಕೊಂಡು ಅಂಕಿ ಕಡಿಮೆ ತೋರಿಸುತ್ತದೆ.

ಮಳೆಗಾಲಕ್ಕೆ ಬರೋಣ. ಆರಿದ್ರಾ ಮಳೆ ಹಿಡಿದಾಗ ಹಪ್ಪಳದ ಡಬ್ಬಿ ತೆರೆದಿಟ್ಟರೆ ಏನಾಗುತ್ತದೋ ಕೋಣೆಗೂ ಅದೇ ಗತಿ: ಒಳಗೋಡೆಗೆ ನೀರು ಅಂಟಿ ದಿನಗಟ್ಟಲೆ ಬಿಡುವುದಿಲ್ಲ. ಗಾಳಿಯ ಬದಲು ಒಣ ನೈಟ್ರೋಜನ್ ತುಂಬಿ ತೆರೆಯಿರಿ, ಬೇಗ ಮುಚ್ಚಿ, ವೈಟಾನ್ ಎಂಬ ರಬ್ಬರಿನ ಓ-ರಿಂಗ್ (ಗಾಳಿ ನುಗ್ಗದಂತೆ ತಡೆಯುವ ಬಳೆ) ಇದ್ದರೆ 120 ಡಿಗ್ರಿ ದಾಟದಂತೆ ರಾತ್ರಿಯಿಡೀ ಕಾಯಿಸಿ. ಕರೆಂಟು ಹೋದ ಕೂಡಲೇ ತಾನಾಗಿ ಮುಚ್ಚುವ ವಾಲ್ವ್ ರೋಟರಿ ಪಂಪಿನ ಮುಂದಿರಲಿ. ಇಲ್ಲವಾದರೆ ಎಣ್ಣೆ ಒಳಗೆ ಬರುತ್ತದೆ. ಮಲೆನಾಡಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು.

ಇವೆಲ್ಲ ಸರಿಯಾದ ಮೇಲೆ ಸೀಸಿಯಂ. 1971ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಭೌತವಿಜ್ಞಾನಿ ದುದ್ನಿಕೋವ್ ಕಂಡುಕೊಂಡದ್ದು ಇದನ್ನೇ: ಲೋಹದ ಮೇಲೆ ಒಂದು ಪದರಕ್ಕಿಂತ ಕಡಿಮೆ ಸೀಸಿಯಂ ಕೂತರೂ ಮೇಲ್ಮೈ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಟ್ಟು, ಅಯಾನ್ ಹೆಚ್ಚುತ್ತದೆ, ಜೊತೆಗೆ ಬರುವ ಎಲೆಕ್ಟ್ರಾನ್ ತಗ್ಗುತ್ತದೆ. ಆದರೆ ಅದು 28.5 ಡಿಗ್ರಿಗೇ ಕರಗುತ್ತದೆ, ನೀರು ಸೋಕಿದರೆ ಸಿಡಿಯುತ್ತದೆ, ಕೋಣೆಯ ತೇವ ಅದನ್ನು ಕೆಡಿಸುತ್ತದೆ. ಸಾಗಿಸುವ ಕೊಳವೆ ಯಾವಾಗಲೂ ಸೀಸಿಯಂ ಕಾಯಿಸಿ ಆವಿ ಮಾಡುವ ಒಲೆಗಿಂತ ಬಿಸಿಯಾಗಿರಲಿ, ಇಲ್ಲದಿದ್ದರೆ ಅದು ದಾರಿಯಲ್ಲೇ ಹೆಪ್ಪುಗಟ್ಟಿ ಕೂರುತ್ತದೆ.