ಲಿನಕ್ಸ್ ಸರ್ವರ್‌ನ ಫೋಲ್ಡರ್‌ಗೆ 777 ಅನುಮತಿ (ಎಲ್ಲರಿಗೂ ಎಲ್ಲವೂ) ಕೊಟ್ಟರೆ ಮಾತ್ರ ಅಪ್‌ಲೋಡ್ ಆಗುತ್ತದೆ; ಹಾಗೆಯೇ ಬಿಡಬಹುದೇ, ಇಲ್ಲ ವಿಂಡೋಸ್ ಸರ್ವರ್‌ಗೆ ಹೋಗಬೇಕೇ?

ಎರಡೂ ಬೇಡ. ‘ಪರ್ಮಿಷನ್ ಡಿನೈಡ್’ ಬರುತ್ತದೆ, 777 ಕೊಟ್ಟರೆ ಸರಿಹೋಗುತ್ತದೆ, ಹೊರಗಿನವರಿಗೆ ಹೇಗೂ ಲಾಗಿನ್ ಇಲ್ಲ ಎಂದು ನೀವು ಬರೆದಿದ್ದೀರಿ. ಈ ಮೂರೂ ಮಾತುಗಳನ್ನು 2013ರಲ್ಲಿ ನಾನು ನಮ್ಮ ಪ್ರಾಂಶುಪಾಲರ ಮುಂದೆ ನಿಂತು ಹೇಳಿದ್ದೆ.

ಆಗ ನಾನು ಒಂದು ಕಾಲೇಜಿನ ಪರೀಕ್ಷಾ ವಿಭಾಗದ ಉಬುಂಟು ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಪ್ರವೇಶಪತ್ರಕ್ಕೆ ವಿದ್ಯಾರ್ಥಿಗಳು ಭಾವಚಿತ್ರ ಅಪ್‌ಲೋಡ್ ಮಾಡಬೇಕಿತ್ತು, ಮರುದಿನವೇ ಕೊನೆಯ ದಿನವಾಗಿತ್ತು, ಒಂದು ಚಿತ್ರವೂ ಸೇರುತ್ತಿರಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ವೆಬ್‌ಸೈಟಿನ ಇಡೀ ಡೈರೆಕ್ಟರಿಗೆ, ಒಳಗಿನ ಎಲ್ಲ ಫೋಲ್ಡರ್‌ಗಳೂ ಸೇರುವಂತೆ, 777 ಕೊಟ್ಟೆ. ಓದಲು 4, ಬರೆಯಲು 2, ಚಲಾಯಿಸಲು 1, ಕೂಡಿದರೆ 7. ಮಾಲೀಕ, ಗುಂಪು, ಉಳಿದವರು ಎಂಬ ಮೂವರಿಗೂ ಏಳೇಳು ಎಂದರೆ ಸರ್ವರ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಅಲ್ಲಿ ಏನು ಬೇಕಾದರೂ ಬರೆಯಬಹುದು ಎಂದರ್ಥ. ಅದೇ ಡೈರೆಕ್ಟರಿಯ ಒಂದು ಫೋಲ್ಡರ್‌ನಲ್ಲಿ ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ಇತ್ತು. ಅದನ್ನು ಪ್ರತಿ ರಾತ್ರಿ ಎರಡು ಗಂಟೆಗೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್, ಎಲ್ಲಕ್ಕೂ ಅಧಿಕಾರವಿರುವ ರೂಟ್ ಬಳಕೆದಾರನ ಹೆಸರಿನಲ್ಲಿ ಚಲಾಯಿಸುತ್ತಿತ್ತು.

ಇಷ್ಟೇ ಆಗಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು. ನನಗೆ ನಿಜವಾಗಿ ದುಬಾರಿಯಾದದ್ದು ಎರಡು ವಾರದ ನಂತರ, ನಿಧಾನವಾಗಿ ಯೋಚಿಸಿ ಮಾಡಿದ ತಪ್ಪು. ಸ್ಕ್ರಿಪ್ಟ್ ನೆನಪಾಗಿ ಅದರ ಮಾಲೀಕತ್ವವನ್ನು ರೂಟ್‌ಗೆ ಕೊಟ್ಟು, ಅನುಮತಿಯನ್ನು 755ಕ್ಕೆ (ಉಳಿದವರಿಗೆ ಓದಲು, ಚಲಾಯಿಸಲು ಮಾತ್ರ) ಇಳಿಸಿದೆ. ಇನ್ನು ರೂಟ್ ಬಿಟ್ಟು ಯಾರೂ ಅದರಲ್ಲಿ ಒಂದಕ್ಷರ ತಿದ್ದಲಾರರು ಎಂದು ನಂಬಿದೆ. ಆ ನಂಬಿಕೆ ಅಕ್ಷರಶಃ ಸರಿಯಾಗಿತ್ತು, ಆದರೂ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಏಕೆಂದರೆ ಆ ಸ್ಕ್ರಿಪ್ಟ್ ಇದ್ದ ಫೋಲ್ಡರ್ 777 ಆಗಿಯೇ ಉಳಿದಿತ್ತು.

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಡೈರೆಕ್ಟರಿ, ಅಂದರೆ ಫೋಲ್ಡರ್, ಎಂದರೆ ಫೈಲುಗಳನ್ನು ತುಂಬಿಡುವ ಪೆಟ್ಟಿಗೆಯಲ್ಲ, ಅದೊಂದು ರಿಜಿಸ್ಟರ್. ಯಾವ ಹೆಸರಿಗೆ ಯಾವ ಫೈಲು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಡೈರೆಕ್ಟರಿಗೆ ಬರೆಯುವ ಅನುಮತಿ ಎಂದರೆ ಆ ರಿಜಿಸ್ಟರನ್ನು ತಿದ್ದುವ ಅನುಮತಿ. ಉತ್ತರಪತ್ರಿಕೆಗಳ ಕಟ್ಟಿಗೆ ಅರಗಿನ ಮೊಹರು ಹಾಕಿ, ಯಾವ ಸಂಖ್ಯೆಗೆ ಯಾವ ಕಟ್ಟು ಎಂದು ಬರೆದಿಟ್ಟ ಪುಸ್ತಕವನ್ನು ವರಾಂಡದ ಮೇಜಿನ ಮೇಲೆ ಬಿಟ್ಟುಬಂದರೆ ಹೇಗೋ ಹಾಗೆ: ಮೊಹರನ್ನು ಯಾರೂ ಒಡೆಯುವುದಿಲ್ಲ, ಆ ಸಂಖ್ಯೆಯ ಮುಂದೆ ಬೇರೊಂದು ಕಟ್ಟನ್ನು ಬರೆದು ಹೋಗುತ್ತಾರೆ. ರೂಟ್‌ಗೆ ಸೇರಿದ ಫೈಲಿನ ಒಳಗೆ ಕೈಹಾಕುವ ಅಗತ್ಯವೇ ಇಲ್ಲದೆ ಅದರ ಹೆಸರು ಬದಲಿಸಿ, ಹಳೆಯ ಹೆಸರಿನಲ್ಲಿ ಹೊಸ ಫೈಲು ಇಡಬಹುದು. ತಾತ್ಕಾಲಿಕ ಫೈಲುಗಳಿಗಾಗಿ ಎಲ್ಲರೂ ಬರೆಯಲೇಬೇಕಾದ ಟಿಎಂಪಿ ಡೈರೆಕ್ಟರಿಗೆ 777ರ ಬದಲು 1777 ಇರುವುದು ಇದಕ್ಕಾಗಿಯೇ. ಮುಂದಿನ ಆ 1 ಸ್ಟಿಕಿ ಬಿಟ್, ಅದಿದ್ದರೆ ಫೈಲಿನ ಮಾಲೀಕ, ಡೈರೆಕ್ಟರಿಯ ಮಾಲೀಕ ಮತ್ತು ರೂಟ್ ಬಿಟ್ಟು ಬೇರೆಯವರು ಹೆಸರು ಬದಲಿಸಲಾಗಲಿ ಅಳಿಸಲಾಗಲಿ ಆಗುವುದಿಲ್ಲ.

‘ಹೊರಗಿನವರಿಗೆ ಲಾಗಿನ್ ಇಲ್ಲ’ ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ವೆಬ್ ಸರ್ವರ್ ಸ್ವತಃ ಒಬ್ಬ ಬಳಕೆದಾರ. ಉಬುಂಟುವಿನಲ್ಲಿ ಅದರ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ನಮ್ಮ ಅಪ್‌ಲೋಡ್ ಪುಟ ಫೈಲಿನ ವಿಸ್ತರಣೆಯನ್ನು ಪರೀಕ್ಷಿಸುತ್ತಿರಲಿಲ್ಲವಾದ್ದರಿಂದ ಯಾರೋ ಭಾವಚಿತ್ರದ ಬದಲು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಪ್ರೋಗ್ರಾಂ ಫೈಲು ಏರಿಸಿ, ಬ್ರೌಸರಿನಿಂದಲೇ ಅದನ್ನು ಚಲಾಯಿಸಿ, ಆ ಬಳಕೆದಾರನ ಹೆಸರಿನಲ್ಲಿ ಒಳಗೆ ಬಂದಿದ್ದರು. ಸರ್ವರ್‌ನಿಂದ ರಾಶಿ ರಾಶಿ ಸ್ಪ್ಯಾಮ್ ಮೇಲ್ ಹೋಗುತ್ತಿದೆಯೆಂದು ಹೋಸ್ಟಿಂಗ್‌ನವರು ಸಂಪರ್ಕ ಕಡಿದ ದಿನ ನಾನು ಆ ಫೋಲ್ಡರ್‌ನ ಪಟ್ಟಿ ತೆಗೆದು ನೋಡಿದೆ. ನಾನು ಭದ್ರಪಡಿಸಿದ ಸ್ಕ್ರಿಪ್ಟ್, ಮಾಲೀಕ ರೂಟ್, ಅನುಮತಿ 755, ಯಾವ ಬದಲಾವಣೆಯೂ ಇಲ್ಲದೆ ಅಲ್ಲೇ ಇತ್ತು. ಹೆಸರಿನ ಕೊನೆಯಲ್ಲಿ ಒಂದು ಅಂಕಿ ಮಾತ್ರ ಸೇರಿತ್ತು. ಅದರ ಪಕ್ಕದಲ್ಲಿ ಮೂಲ ಹೆಸರಿನದೇ ಇನ್ನೊಂದು ಫೈಲು, ಮಾಲೀಕನ ಕಾಲಂನಲ್ಲಿ ವೆಬ್ ಸರ್ವರ್‌ನ ಹೆಸರು. ತೆರೆದರೆ ನನ್ನ ಹದಿನಾಲ್ಕು ಸಾಲುಗಳೂ ಹಾಗೆಯೇ ಇದ್ದವು, ಮೇಲೊಂದು ಹದಿನೈದನೆಯ ಸಾಲು ಹೊಸ ಬಳಕೆದಾರನಿಗೆ ರೂಟ್ ಅಧಿಕಾರ ಕೊಡುತ್ತಿತ್ತು. ಬ್ಯಾಕಪ್ ಪ್ರತಿ ರಾತ್ರಿ ಸರಿಯಾಗಿಯೇ ಆಗುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆ ಬ್ಯಾಕಪ್‌ಗಳನ್ನೂ ನಂಬುವಂತಿರಲಿಲ್ಲವಾಗಿ, ಮೂರು ವಾರ ಕುಳಿತು ಆ ಸೆಮಿಸ್ಟರಿನ ಅಂಕಗಳನ್ನು ಕಾಗದದ ಪಟ್ಟಿಗಳಿಂದ ಮತ್ತೆ ದಾಖಲಿಸಿದೆವು.

ವಿಂಡೋಸ್‌ಗೆ ಹೋದರೆ ಈ ತೊಂದರೆ ತಪ್ಪುತ್ತದೆ ಎಂಬುದೂ ಸರಿಯಲ್ಲ. 2021ರ ಜುಲೈಯಲ್ಲಿ ಬೆಳಕಿಗೆ ಬಂದ ಸಿವಿಇ-2021-36934 ದೋಷದಲ್ಲಿ, ವಿಂಡೋಸ್ 10ರ 1809ನೇ ಆವೃತ್ತಿಯಿಂದೀಚೆಗೆ, ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡ್‌ಗಳ ಗೂಢ ರೂಪವಿರುವ) ಎಸ್‌ಎಎಂ ಫೈಲಿಗೆ ಸಾಮಾನ್ಯ ಬಳಕೆದಾರರಿಗೂ ಓದುವ ಅನುಮತಿ ಇತ್ತು. ಮೂಲ ಫೈಲು ಸದಾ ಬಳಕೆಯಲ್ಲಿರುವುದರಿಂದ ತೆರೆಯಲಾಗದಿದ್ದರೂ ವಿಂಡೋಸ್ ತೆಗೆದಿಟ್ಟ ಹಿಂದಿನ ನಕಲುಗಳಾದ ಶ್ಯಾಡೋ ಕಾಪಿಗಳಲ್ಲಿದ್ದ ಪ್ರತಿಯನ್ನು ಓದಬಹುದಾಗಿತ್ತು. ಅಪ್‌ಡೇಟ್ ಹಾಕಿದ ಮೇಲೂ ಹಳೆಯ ಶ್ಯಾಡೋ ಕಾಪಿಗಳನ್ನು ಕೈಯಾರೆ ಅಳಿಸಬೇಕಾಗಿತ್ತು. 2016ರ ಡರ್ಟಿ ಕೌ, 2022ರ ಡರ್ಟಿ ಪೈಪ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ದೋಷಗಳು, ಅವನ್ನು ಅಪ್‌ಡೇಟ್ ಸರಿಪಡಿಸುತ್ತದೆ. ನೀವೇ ಕೊಟ್ಟ 777 ಅನ್ನು ಯಾವ ಅಪ್‌ಡೇಟೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇವತ್ತೇ ಅಪ್‌ಲೋಡ್ ಫೋಲ್ಡರ್ ಒಂದನ್ನು ಮಾತ್ರ ವೆಬ್ ಸರ್ವರ್‌ನ ಬಳಕೆದಾರನ ಮಾಲೀಕತ್ವಕ್ಕೆ ಕೊಟ್ಟು, ಅನುಮತಿಯನ್ನು 750 ಮಾಡಿ. ನಿಮ್ಮ ದೋಷ ಅಷ್ಟಕ್ಕೇ ಹೋಗುತ್ತದೆ. ಅದರೊಳಗೆ ಪಿಎಚ್‌ಪಿ ಓಡದಂತೆ ಸರ್ವರ್ ಸೆಟ್ಟಿಂಗ್‌ನಲ್ಲಿ ತಡೆಯಿರಿ. ಉಳಿದ ಕೋಡ್ ಬೇರೆ ಬಳಕೆದಾರನದಾಗಿರಲಿ, ವೆಬ್ ಸರ್ವರ್ ಅದನ್ನು ಓದಿದರೆ ಸಾಕು. ರೂಟ್ ಚಲಾಯಿಸುವ ಸ್ಕ್ರಿಪ್ಟ್ ಏನಾದರೂ ಇದ್ದರೆ ಅದನ್ನು ವೆಬ್‌ಸೈಟಿನ ಡೈರೆಕ್ಟರಿಯಿಂದ ಹೊರಗೆ ಒಯ್ದು, ಅದರ ಅನುಮತಿಯ ಜೊತೆಗೆ ಅದನ್ನು ಹೊತ್ತ ಫೋಲ್ಡರ್, ಅದರ ಮೇಲಿನ ಫೋಲ್ಡರ್, ಹೀಗೆ ಮೂಲ ಡೈರೆಕ್ಟರಿಯವರೆಗೆ ಪ್ರತಿಯೊಂದರ ಅನುಮತಿಯನ್ನೂ ಒಂದೊಂದಾಗಿ ನೋಡಿ.